ಮೂಗು ತೊಳೆಯುವ ಬಾಟಲಿ: ಎರಡು ಬೇಸಿಗೆಗಳ ಬಳಕೆಯ ನಂತರ

ಬೇಸಿಗೆಯ ಆರಂಭದಲ್ಲಿ ಹುಲ್ಲು ಹೂಬಿಟ್ಟು ಗಾಳಿಗೆ ಪರಾಗ ಚೆಲ್ಲತೊಡಗಿತೆಂದರೆ ನನಗೆ ಸಾಲು ಸೀನು, ಸೋರುವ ಮೂಗು, ರಾತ್ರಿಯಿಡೀ ಬಾಯಿಯಲ್ಲಿ ಉಸಿರಾಡುವ ಸಂಕಟ ತಪ್ಪಿದ್ದಲ್ಲ. ಕಳೆದ ಎರಡು ಬೇಸಿಗೆಗಳಲ್ಲಿ ವೈದ್ಯರು ಬರೆದುಕೊಟ್ಟ ಔಷಧಿಯ ಜೊತೆಗೆ, 240 ಮಿಲಿಲೀಟರ್ ನೀರು ಹಿಡಿಯುವ, ಹಿಂಡಿ ಬಳಸುವ ಪ್ಲಾಸ್ಟಿಕ್ ಬಾಟಲಿಯೊಂದರಿಂದ ಉಪ್ಪುನೀರಿನಲ್ಲಿ ಮೂಗು ತೊಳೆದುಕೊಂಡಿದ್ದೇನೆ.

ಬಳಸುವ ಕ್ರಮ ಸರಳವಾಗಿದೆ. ಸಿಂಕಿನ ಮೇಲೆ ಬಾಗಿ, ಬಾಯಿ ತೆರೆದು ಉಸಿರಾಡುತ್ತ, ಒಂದು ಹೊಳ್ಳೆಗೆ ಮೆಲ್ಲಗೆ ಹಿಂಡಿದರೆ ಉಗುರುಬೆಚ್ಚಗಿನ ನೀರು ಇನ್ನೊಂದರಿಂದ ಇಳಿದು, ಒಳಪೊರೆಗೆ ಅಂಟಿದ ಪರಾಗವನ್ನೂ ಸಿಂಬಳವನ್ನೂ ತನ್ನೊಡನೆ ಒಯ್ಯುತ್ತದೆ. ಲೀಟರಿಗೆ ಸುಮಾರು 9 ಗ್ರಾಂ ಉಪ್ಪಿರುವ ನೀರು ದೇಹದ ದ್ರವಗಳ ಸಾಂದ್ರತೆಗೆ ಸಮನಾಗಿರುವುದರಿಂದ ಮೂಗು ಉರಿಯುವುದಿಲ್ಲ. ಬಾಟಲಿಯ ಜೊತೆ ಬರುವ ಪೊಟ್ಟಣಗಳಲ್ಲಿ ಉಪ್ಪು ಮತ್ತು ಸೋಡಾ ಪುಡಿಯನ್ನು ಇದೇ ಲೆಕ್ಕದಲ್ಲಿ ಬೆರೆಸಿದ್ದಾರೆ. ಒಮ್ಮೆ ಪುಡಿ ಹಾಕಲು ಮರೆತು ಬರಿಯ ನೀರನ್ನೇ ಹಿಂಡಿಕೊಂಡಾಗ ಅದರ ಮಹತ್ವ ಹಣೆಯವರೆಗೂ ಅರಿವಾಯಿತು.

ಮೊದಲ ಬೇಸಿಗೆಯಲ್ಲಿ ನಾನು ಬೆಳಿಗ್ಗೆ ಎದ್ದೊಡನೆ ತೊಳೆಯುತ್ತಿದ್ದೆ. ಹೊರಗೆ ಹೋಗಿ ಬರುವಷ್ಟರಲ್ಲಿ ಮೂಗು ಮತ್ತೆ ಪರಾಗದಿಂದ ತುಂಬಿರುತ್ತಿದ್ದುದರಿಂದ ಪ್ರಯೋಜನ ಕಡಿಮೆಯೇ ಆಯಿತು. ಎರಡನೆಯ ವರ್ಷ ಅದನ್ನು ಸಂಜೆಗೆ ಬದಲಾಯಿಸಿದೆ: ಮನೆಗೆ ಬಂದು, ಬಟ್ಟೆ ಬದಲಿಸಿ, ಮೂಗು ತೊಳೆದು, ಸ್ವಲ್ಪ ಹೊತ್ತಿನ ನಂತರ ಸ್ಟೀರಾಯ್ಡ್ ಸ್ಪ್ರೇ. ಸಿಂಬಳ ಹೋದ ಮೇಲೆ ಔಷಧಿ ನೇರವಾಗಿ ಒಳಪೊರೆಗೆ ತಗಲುತ್ತದೆ. ಸ್ಪ್ರೇ ಮಾಡಿದ ಮೇಲೆ ತೊಳೆದರೆ ಔಷಧಿಯೇ ಸಿಂಕಿಗೆ ಹೋಗುತ್ತದೆ. ಈ ಒಂದು ಬದಲಾವಣೆಯಿಂದಲೇ ನನಗೆ ರಾತ್ರಿಯ ನಿದ್ದೆ ಮರಳಿತು.

ತಯಾರಕರ ಬಗ್ಗೆ ನನ್ನ ಮುಖ್ಯ ಆಕ್ಷೇಪ ನೀರಿನ ವಿಷಯದಲ್ಲಿದೆ. ನಲ್ಲಿಯ ನೀರನ್ನು ನೇರವಾಗಿ ಬಳಸಬಾರದೆಂಬ ಎಚ್ಚರಿಕೆಯನ್ನು ಕರಪತ್ರದ ಕೊನೆಯಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ್ದಾರೆ. ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಇರುವ ನೀರನ್ನು ಕುಡಿದರೆ ಅದರಿಂದ ಸೋಂಕು ತಗಲದು. ಅದೇ ನೀರು ಮೂಗಿಗೆ ಏರಿದರೆ ಅಮೀಬಾ ಮಿದುಳನ್ನು ತಲುಪಬಲ್ಲದು. ಇಂಥ ಸೋಂಕು ಅತಿ ಅಪರೂಪ, ಆದರೆ ತಗಲಿದವರು ಬದುಕುಳಿಯುವುದೂ ಅಷ್ಟೇ ಅಪರೂಪ. ಆದ್ದರಿಂದ ಕನಿಷ್ಠ 1 ನಿಮಿಷ ಕುದಿಸಿ ಆರಿಸಿದ ನೀರು ಅಥವಾ ಡಿಸ್ಟಿಲ್ಡ್ ವಾಟರ್ ಬಳಸಬೇಕೆಂಬ ಮಾತು ಡಬ್ಬಿಯ ಮುಖದ ಮೇಲೆಯೇ ಇರಬೇಕಿತ್ತು. ಆ ಜಾಗದಲ್ಲಿ ಈಗ ‘ಅಲರ್ಜಿಗೆ ಶಾಶ್ವತ ಪರಿಹಾರ’ ಎಂಬ ಸುಳ್ಳು ಇದೆ. ತೊಳೆಯುವುದು ಅಂದಂದಿನ ಪರಾಗವನ್ನಷ್ಟೇ. ದೇಹದ ಅಲರ್ಜಿ ಇದ್ದಂತೆಯೇ ಇರುತ್ತದೆ, ಕಣ್ಣಿನ ತುರಿಕೆಗಂತೂ ಇದರಿಂದ ಉಪಯೋಗವೇ ಇಲ್ಲ.

ಬಾಟಲಿಯೊಳಗಿನ ಸಪೂರ ಕೊಳವೆ ಒಣಗಲು ಬಹಳ ಹೊತ್ತು ಹಿಡಿಯುತ್ತದೆ, ತೇವ ಉಳಿದರೆ ಅಲ್ಲಿ ಪಾಚಿಯಂಥ ಲೋಳೆ ಕಟ್ಟುತ್ತದೆ. ನಾನು ಪ್ರತಿ ಸಲವೂ ಕೊಳವೆಯನ್ನು ಬಿಚ್ಚಿ ಬೇರೆಯಾಗಿ ಒಣಗಿಸುತ್ತೇನೆ ಮತ್ತು ಮೂರು ತಿಂಗಳಿಗೊಮ್ಮೆ ಬಾಟಲಿಯನ್ನೇ ಬದಲಿಸುತ್ತೇನೆ. ಜೋರಾಗಿ ಹಿಂಡಿದರೆ ನೀರು ಕಿವಿಯ ಕಡೆಗೆ ಒತ್ತುತ್ತದೆ. ಕಿವಿಯ ಸೋಂಕಿರುವವರು ಮತ್ತು ಮೂಗಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ತೊಳೆದು ಅರ್ಧ ಗಂಟೆಯಾದ ಮೇಲೂ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ಮೂಗಿನಿಂದ ಥಟ್ಟನೆ ನೀರು ಸುರಿಯುವುದುಂಟು, ಹಾಗಾಗಿ ಕರವಸ್ತ್ರ ಕೈಗೆಟುಕುವಂತಿರಲಿ.