ಬೋರ್ ಮೋಟಾರಿಗೆ ವೈಡ್ ಬ್ಯಾಂಡ್ ಕಾಯಿಲ್ ಸ್ಟಾರ್ಟರ್: ಲೋ ವೋಲ್ಟೇಜ್ ಊರಿನವರು ಇದನ್ನೇ ತನ್ನಿ

ತೋಟದ 5 ಎಚ್‌ಪಿ ಬೋರ್ ಮೋಟಾರಿಗೆ ಈ ಡಿಒಎಲ್ (ಲೈನಿನ ಕರೆಂಟನ್ನು ನೇರವಾಗಿ ಮೋಟಾರಿಗೆ ಕೊಡುವ) ಸ್ಟಾರ್ಟರ್ ಹಾಕಿಸಿದ ಮೇಲೆ ಒಂದು ಬೇಸಿಗೆ ಪೂರ್ತಿ ಕಳೆಯಿತು. ಕಾಯಿಲ್ ಸುಟ್ಟಿಲ್ಲ. ಲೈನಿನ ಕೊನೆಯ ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಕರೆಂಟ್ ತಗೊಳ್ಳುವವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಿರುತ್ತದೆ.

ಸ್ಟಾರ್ಟರ್ ಕೊಳ್ಳುವಾಗ ನಾವೆಲ್ಲ ಡಬ್ಬದ ತಗಡು ಗಟ್ಟಿ ಇದೆಯಾ ಅಂತ ನೋಡುತ್ತೇವೆ. ನೋಡಬೇಕಾದದ್ದು ಒಳಗಿನ ಎಲೆಕ್ಟ್ರೋಮ್ಯಾಗ್ನೆಟ್. ಹಸಿರು ಬಟನ್ ಒತ್ತಿದರೆ ಕಾಯಿಲಿಗೆ ಕರೆಂಟ್ ಹೋಗುತ್ತದೆ, ನಡುವಿನ ಕಬ್ಬಿಣದ ಕೋರ್ ಅಯಸ್ಕಾಂತವಾಗಿ ಎದುರಿನ ತುಂಡನ್ನು ಟಪ್ ಅಂತ ಎಳೆದುಕೊಳ್ಳುತ್ತದೆ, ಅದರ ಜೊತೆಗೇ ಮೂರು ಫೇಸಿನ ಕಾಂಟ್ಯಾಕ್ಟುಗಳು ಕೂಡಿ ಮೋಟಾರ್ ಓಡುತ್ತದೆ. ಕರೆಂಟ್ ಹೋದರೆ ಎಳೆತ ನಿಂತು ಸ್ಪ್ರಿಂಗ್ ಎಲ್ಲವನ್ನೂ ಬಿಡಿಸುತ್ತದೆ. ಆಟೋ ಸ್ವಿಚ್ ಇಲ್ಲದಿದ್ದರೆ ಕರೆಂಟ್ ವಾಪಸ್ ಬಂದಾಗ ಮೋಟಾರ್ ತಾನಾಗಿ ಶುರುವಾಗುವುದಿಲ್ಲ. ರಿಪೇರಿಗೆ ಕೈ ಹಾಕಿದವರ ಜೀವ ಕಾಯುವ ಗುಣ ಇದು.

ತೊಂದರೆ ಶುರುವಾಗುವುದು ವೋಲ್ಟೇಜ್ ಇಳಿದಾಗ. ಮಾಮೂಲಿ 415 ವೋಲ್ಟಿನ ಕಾಯಿಲ್ ಸರಿಯಾಗಿ ಎಳೆಯಲು ಅದರ ಶೇ. 85ರಷ್ಟು, ಅಂದರೆ 350 ವೋಲ್ಟಾದರೂ ಬೇಕು. ತ್ರೀ ಫೇಸ್ ಕೊಟ್ಟ ಕೂಡಲೇ ಸುತ್ತಲಿನ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಮೋಟಾರ್ ಎಬ್ಬಿಸಿದರೆ ಅಷ್ಟು ಎಲ್ಲಿಂದ ಬರಬೇಕು? ಕೋರ್ ಅರ್ಧ ಎಳೆದು, ಬಿಟ್ಟು, ಮತ್ತೆ ಎಳೆದು ಕಟಕಟ ಅನ್ನುತ್ತದೆ. ಎಸಿ ಕಾಯಿಲಿನ ಸ್ವಭಾವವೇ ಹಾಗೆ, ಕೋರ್ ಪೂರ್ತಿ ಮುಚ್ಚಿಕೊಳ್ಳದೆ ಸಂದು ಉಳಿದಷ್ಟೂ ಹೊತ್ತು ಅದು ಜಾಸ್ತಿ ಕರೆಂಟ್ ಎಳೆಯುತ್ತಲೇ ಇರುತ್ತದೆ. ಸುಡುವುದು ಅದಕ್ಕೇ. ಈ ಸ್ಟಾರ್ಟರಿನದು ವೈಡ್ ಬ್ಯಾಂಡ್ ಕಾಯಿಲ್, ಅಂದರೆ ವೋಲ್ಟೇಜ್ ತುಂಬಾ ಏರಿಳಿದರೂ ಕೆಲಸ ಮಾಡುವಂಥದ್ದು; ಅದರ ಮೇಲೆ 200–400 ವೋಲ್ಟ್ ಅಂತ ಬರೆದಿದೆ, 300ರ ಆಸುಪಾಸಿನಲ್ಲೂ ಒಂದೇ ಏಟಿಗೆ ಎಳೆದು ಹಿಡಿದುಕೊಳ್ಳುತ್ತದೆ. ನಿಮ್ಮಲ್ಲಿ ವೋಲ್ಟೇಜ್ ಸದಾ 415ರ ಹತ್ತಿರ ಇದ್ದರೆ ಇದು ಬೇಡ, ಮಾಮೂಲಿ ಕಾಯಿಲೇ ಸಾಕು.

ಸದ್ದೂ ಕಡಿಮೆ. 50 ಹರ್ಟ್ಸ್ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಆ ಕ್ಷಣದಲ್ಲಿ ಕೋರ್ ಬಿಟ್ಟುಹೋಗದಂತೆ ಅದರ ಮುಖದಲ್ಲಿ ಕೂರಿಸಿದ ಚಿಕ್ಕ ತಾಮ್ರದ ರಿಂಗು ಎಳೆತ ಉಳಿಸುತ್ತದೆ. ಗುಂಯ್ ಅನ್ನತೊಡಗಿದರೆ ರಿಂಗು ಬಿರುಕು ಬಿಟ್ಟಿರಬಹುದು, ಇಲ್ಲವೇ ಕೋರ್ ಮುಖದಲ್ಲಿ ಧೂಳು, ತುಕ್ಕು ಕೂತಿರಬಹುದು. ಮೇನ್ ಫ್ಯೂಸ್ ಕಿತ್ತು ಒಣ ಬಟ್ಟೆಯಲ್ಲಿ ಒರೆಸಿ. ಗ್ರೀಸ್ ಹಚ್ಚಬೇಡಿ, ಉಪ್ಪು ಕಾಗದದಲ್ಲಿ ಉಜ್ಜಲೂ ಬೇಡಿ.

ಬೇಜಾರಾದದ್ದು ಕೇಬಲ್ ಒಳಹೋಗುವ ತೂತಿನ ಬಗ್ಗೆ. ರಬ್ಬರ್ ಕೊಟ್ಟೇ ಇಲ್ಲ. ಇರುವೆ, ಹಲ್ಲಿ ನುಗ್ಗಿದರೆ ಕಾಂಟ್ಯಾಕ್ಟ್ ಹಾಳು, ನೀವೇ ಹಾಕಿಸಿಕೊಳ್ಳಿ. ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ: ಕಡಿಮೆ ವೋಲ್ಟೇಜಿನಲ್ಲಿ ಕಾಯಿಲ್ ಹಿಡಿದುಕೊಂಡಿತು ಅಂದ ಮಾತ್ರಕ್ಕೆ ಮೋಟಾರ್ ಸುಖವಾಗಿದೆ ಅಂತಲ್ಲ, ಅದು ಜಾಸ್ತಿ ಆಂಪ್ಸ್ ಎಳೆದು ಬಿಸಿಯಾಗುತ್ತಿರುತ್ತದೆ. ಆಂಪ್ಸ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇಯ ಡಯಲನ್ನು ಮೋಟಾರಿನ ಪ್ಲೇಟ್ ಮೇಲಿರುವ ಆಂಪ್ಸಿಗೇ ಇಡಿ. ಪದೇ ಪದೇ ಟ್ರಿಪ್ ಆಗುತ್ತದೆ ಅಂತ ಅದನ್ನು ಏರಿಸಬೇಡಿ, ಮೋಟಾರ್ ಮೇಲೆತ್ತಿಸಿ ರೀವೈಂಡಿಂಗ್ ಮಾಡಿಸುವ ಖರ್ಚಿನ ಮುಂದೆ ಸ್ಟಾರ್ಟರಿನ ಬೆಲೆ ಏನೂ ಅಲ್ಲ.