ಕೊನೆಯ ಯೂನಿಕಾರ್ನ್: ಮೊದಲು ಓದಬೇಕೆ, ನೋಡಬೇಕೆ?

ಪೀಟರ್ ಎಸ್. ಬೀಗಲ್ ಅವರ ‘ದಿ ಲಾಸ್ಟ್ ಯೂನಿಕಾರ್ನ್’ ಮೂರು ರೂಪಗಳಲ್ಲಿ ಸಿಗುತ್ತದೆ. 1968ರ ಮೂಲ ಕಾದಂಬರಿ, 1982ರ ಅನಿಮೇಷನ್ ಚಿತ್ರ, ಮತ್ತು 2010ರಿಂದ ಆರು ಸಂಚಿಕೆಗಳಾಗಿ ಬಂದು ಆಮೇಲೆ ಒಂದೇ ಸಂಪುಟವಾದ ಕಾಮಿಕ್ಸ್. ಈ ಮಳೆಗಾಲದಲ್ಲಿ ಮೂರನ್ನೂ ಒಂದರ ಬೆನ್ನಿಗೊಂದು ಮುಗಿಸಿದೆ. ಸಿನಿಮಾವನ್ನು ಅಕ್ಕನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಮ್ಮೆ ನೋಡಿದೆ. ಯಾವುದರಿಂದ ಶುರು ಮಾಡಬೇಕೆಂದು ಕೇಳುವವರಿಗೆ ನನ್ನ ಉತ್ತರ ಕಾದಂಬರಿ. ಹಾಗೆಂದು ಸಿನಿಮಾವನ್ನು ಬದಿಗೆ ಸರಿಸುವಂತಿಲ್ಲ. ಒಂದು ಪಾತ್ರದ ಮಟ್ಟಿಗೆ ಅದು ಪುಸ್ತಕವನ್ನೇ ಮೀರಿಸಿದೆ.

ಕಥೆ ತಿಳಿಯದವರಿಗೆ ಎರಡು ಮಾತು. ನೀಲಕ ಹೂಗಳ ಕಾಡಿನಲ್ಲಿ ಒಬ್ಬಳೇ ಬದುಕುವ, ಹಣೆಯಲ್ಲಿ ಒಂಟಿ ಕೊಂಬಿರುವ ಯೂನಿಕಾರ್ನ್‌ಗೆ, ತನ್ನ ಕುಲದಲ್ಲಿ ಉಳಿದವಳು ತಾನೊಬ್ಬಳೇ ಎಂಬ ಸುದ್ದಿ ಬೇಟೆಗಾರರ ಮಾತಿನಿಂದ ಕಿವಿಗೆ ಬೀಳುತ್ತದೆ. ಉಳಿದವರನ್ನು ಹುಡುಕಿ ಹೊರಡುತ್ತಾಳೆ. ಶ್ಮೆಂಡ್ರಿಕ್ ಎಂಬ ಕೈಲಾಗದ ಮಾಂತ್ರಿಕ, ಕಳ್ಳರ ಗುಂಪಿನಲ್ಲಿ ಅಡುಗೆ ಮಾಡಿ ಸವೆದ ಮಾಲಿ ಗ್ರೂ ಎಂಬ ಹೆಂಗಸು ಜೊತೆಯಾಗುತ್ತಾರೆ. ಯೂನಿಕಾರ್ನ್‌ಗಳನ್ನು ಅಟ್ಟುವ ಕೆಂಪು ಗೂಳಿಯಿಂದ ಪಾರು ಮಾಡಲು ಮಾಂತ್ರಿಕ ಅವಳನ್ನು ಅಮಾಲ್ಥಿಯಾ ಎಂಬ ಹೆಣ್ಣಾಗಿ ಬದಲಿಸುತ್ತಾನೆ. ಮುಪ್ಪೇ ಇಲ್ಲದವಳು ಸಾಯುವ ಮೈಯೊಳಗೆ ಸಿಕ್ಕಿಕೊಳ್ಳುತ್ತಾಳೆ. ಮೂರೂ ರೂಪಗಳನ್ನು ನಾನು ಅಳೆದದ್ದು ಇಲ್ಲಿಂದಲೇ: ಈ ಸಂಕಟವನ್ನು ಯಾವುದು ಎಷ್ಟು ಆಳವಾಗಿ ಮುಟ್ಟಿಸುತ್ತದೆ?

ಕಾದಂಬರಿ ಮೊದಲ ಪುಟದಲ್ಲೇ ನಮ್ಮ ಕಣ್ಣನ್ನು ತಿದ್ದುತ್ತದೆ. ಇವಳು ಕೊಂಬು ಅಂಟಿಸಿದ ಕುದುರೆಯಲ್ಲ, ಗಾತ್ರದಲ್ಲಿ ಚಿಕ್ಕವಳು, ಸೀಳು ಗೊರಸಿನವಳು. ಮಮ್ಮಿ ಫಾರ್ಚುನಾ ಎಂಬ ಮಾಟಗಾತಿಯ ಸಂಚಾರಿ ಪ್ರದರ್ಶನದಲ್ಲಿ ಬಡಕಲು ಸಿಂಹವನ್ನು ಜನ ಮನುಷ್ಯ ಮುಖದ ಸಿಂಹ ಮ್ಯಾಂಟಿಕೋರ್ ಎಂದು, ಕಾಲು ವಕ್ರವಾದ ಕೋತಿಯನ್ನು ಅರ್ಧ ಮನುಷ್ಯ ಅರ್ಧ ಆಡಾದ ಸ್ಯಾಟಿರ್ ಎಂದು ಬೆರಗಾಗಿ ನೋಡುತ್ತಾರೆ. ನಿಜವಾದ ಯೂನಿಕಾರ್ನ್ ಮಾತ್ರ ಅವರ ಕಣ್ಣಿಗೆ ಬರೀ ಬಿಳಿ ಕುದುರೆ. ಅವಳು ಕಾಣಿಸಬೇಕಾದರೆ ಮಾಟಗಾತಿ ಅವಳಿಗೂ ಒಂದು ಸುಳ್ಳು ಕೊಂಬನ್ನು ಕಟ್ಟಬೇಕು! ಈ ಅಧ್ಯಾಯವನ್ನು ಸಿನಿಮಾ ಚೆನ್ನಾಗಿಯೇ ತೋರಿಸಿದೆ. ಆದರೆ ಪುಸ್ತಕದಲ್ಲಿ ಅದೇ ಬೋನುಗಳ ಸಾಲಿನಲ್ಲಿ ಒಂದು ಸಾಧಾರಣ ಜೇಡವಿದೆ. ಮಾಟಗಾತಿಯ ಮಾತನ್ನು ತಾನೇ ನಂಬಿ, ತಾನು ಗ್ರೀಕ್ ಪುರಾಣದ ನೇಯ್ಗೆಗಾತಿ ಅರಾಕ್ನೆಯೇ ಎಂದುಕೊಂಡು ಬಲೆ ನೇಯುವ ಜೇಡ. ಅದರ ಭ್ರಮೆ ಕರಗುವ ಕೆಲವೇ ಸಾಲುಗಳು ಇಡೀ ಪ್ರಸಂಗಕ್ಕೆ ಕೊಡುವ ತೂಕ ಬೇರೆಯೇ.

ಸಿನಿಮಾದ ಚಿತ್ರಕಥೆಯನ್ನು ಬರೆದವರೂ ಬೀಗಲ್ ಅವರೇ. ಸಂಭಾಷಣೆಯ ಬಹುಪಾಲು ಪುಸ್ತಕದ್ದೇ ಆಗಿರುವುದು ಅದರಿಂದಲೇ. ನಿರ್ದೇಶಕರು ಆರ್ಥರ್ ರಾಂಕಿನ್ ಮತ್ತು ಜೂಲ್ಸ್ ಬಾಸ್. ಚಿತ್ರ ಬರೆದು ಚಲನೆ ಕೊಟ್ಟದ್ದು ಜಪಾನಿನ ಟಾಪ್‌ಕ್ರಾಫ್ಟ್ ಸಂಸ್ಥೆ. ಅಲ್ಲಿನ ಹಲವರು ಮುಂದೆ ಹೆಸರಾಂತ ಅನಿಮೇಷನ್ ಸಂಸ್ಥೆ ಸ್ಟುಡಿಯೋ ಘಿಬ್ಲಿಗೆ ಹೋದರು. ಶೀರ್ಷಿಕೆ ಹಾಡಿನ ಹಿಂದೆ ಹಳೆಯ ಯುರೋಪಿನ ಯೂನಿಕಾರ್ನ್ ಚಿತ್ರ ನೇಯ್ಗೆಗಳ ಮಾದರಿಯ ಕಾಡು ಮೂಡುತ್ತದೆ. ಜಿಮ್ಮಿ ವೆಬ್ ಅವರ ಆ ಹಾಡನ್ನು ‘ಅಮೆರಿಕ’ ತಂಡ ಹಾಡಿದೆ. ಅದೊಂದು ಹಾಡು ನನಗೆ ಬಹಳ ಇಷ್ಟ. ರಾಜಕುಮಾರ ಲೀರ್ ಮತ್ತು ಅಮಾಲ್ಥಿಯಾ ಹಾಡುವ ಪ್ರೇಮಗೀತೆ ಮಾತ್ರ ಕಥೆಯ ಓಟವನ್ನು ನಿಲ್ಲಿಸಿಬಿಡುತ್ತದೆ.

ಸಿನಿಮಾ ಗೆಲ್ಲುವುದು ರಾಜ ಹ್ಯಾಗರ್ಡ್‌ನಲ್ಲಿ. ಪುಸ್ತಕದ ಹ್ಯಾಗರ್ಡ್ ಒಣಗಿದ ಮನುಷ್ಯ. ಏನು ಸಿಕ್ಕರೂ ಮರುಗಳಿಗೆಗೆ ಬೇಸರ, ಯೂನಿಕಾರ್ನ್‌ಗಳನ್ನು ಕಂಡಾಗ ಮಾತ್ರ ಸಂತೋಷ. ಅದಕ್ಕಾಗಿಯೇ ಅವೆಲ್ಲವನ್ನೂ ಗೂಳಿಯಿಂದ ಅಟ್ಟಿಸಿ ಕಡಲಿಗೆ ತಳ್ಳಿ, ಗೋಪುರದಿಂದ ಅಲೆಗಳನ್ನು ನೋಡುತ್ತ ಕೂರುತ್ತಾನೆ. ಓದುವಾಗ ಇದು ನನಗೆ ಅರ್ಥವಾಗಿತ್ತು. ಕ್ರಿಸ್ಟೋಫರ್ ಲೀ ಅವರ ದನಿಯಲ್ಲಿ ಕೇಳಿದಾಗ ಅವನ ಬಗ್ಗೆ ಮರುಕ ಹುಟ್ಟಿತು. ಕಡಲಿನತ್ತ ಕೈ ತೋರಿಸಿ ತನ್ನ ಗುಟ್ಟನ್ನು ಹೇಳಿಕೊಳ್ಳುವ ಹೊತ್ತಿಗೆ ಆ ಕ್ರೂರಿಯ ಕಂಠದಲ್ಲಿ ಹುಡುಗನೊಬ್ಬನ ಬೆರಗು ಇಣುಕುತ್ತದೆ. ಲೀ ಈ ಕಾದಂಬರಿಯನ್ನು ಬಹಳ ಮೆಚ್ಚಿದ್ದವರು. ಜರ್ಮನ್ ಆವೃತ್ತಿಗೂ ಹ್ಯಾಗರ್ಡ್‌ಗೆ ಅವರೇ ದನಿ ಕೊಟ್ಟರು.

ಮಾಲಿ ಗ್ರೂ ಯೂನಿಕಾರ್ನ್ ಅನ್ನು ಮೊದಲ ಸಲ ಕಾಣುವ ದೃಶ್ಯದಲ್ಲಿ ಎರಡೂ ಸಮ. ಹರೆಯದಲ್ಲಿ ಬರಬೇಕಾದವಳು, ಮೈ ಮನಸ್ಸು ಎರಡೂ ಸವೆದ ಮೇಲೆ ಈಗೇಕೆ ಬಂದೆ ಎಂದು ಮಾಲಿ ಸಿಡಿಯುತ್ತಾಳೆ. ಟ್ಯಾಮಿ ಗ್ರೈಮ್ಸ್ ಅವರ ಒಡಕು ದನಿ ಆ ಸಿಟ್ಟಿಗೆ ಹೇಳಿ ಮಾಡಿಸಿದಂತಿದೆ. ಪುಸ್ತಕದಲ್ಲಿ ಅದೇ ಮಾತನ್ನು ಓದಿ ನಾನು ಮುಂದಿನ ಪುಟಕ್ಕೆ ಹೋಗಲಾರದೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಲವತ್ತು ದಾಟಿದವರಿಗೆ ಈ ಕಥೆ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ಈ ದೃಶ್ಯವನ್ನೇ ತೋರಿಸುತ್ತೇನೆ.

ಇನ್ನು ಸಿನಿಮಾ ಸೋಲುವ ಜಾಗ. ಒಂದೂವರೆ ಗಂಟೆಯೊಳಗೆ ಕೂರಿಸಲು ಹ್ಯಾಗ್ಸ್‌ಗೇಟ್ ಎಂಬ ಊರನ್ನೇ ಕತ್ತರಿಸಿದ್ದಾರೆ. ನನಗೆ ಇದು ದೊಡ್ಡ ನಷ್ಟ. ಬರಡು ನಾಡಿನ ನಡುವೆ ಆ ಊರೊಂದೇ ಸಮೃದ್ಧ. ಅದರ ಮೇಲೊಂದು ಶಾಪವಿದೆ: ಆ ಊರಿನಲ್ಲಿ ಹುಟ್ಟಿದವನೊಬ್ಬ ಹ್ಯಾಗರ್ಡ್‌ನ ಕೋಟೆಯನ್ನು ಉರುಳಿಸುತ್ತಾನೆ, ಕೋಟೆಯೊಂದಿಗೆ ಊರಿನ ಸಿರಿಯೂ ಮುಳುಗುತ್ತದೆ. ಹಾಗಾಗಿ ಅಲ್ಲಿ ಯಾರೂ ಮಕ್ಕಳನ್ನು ಹೆರುವುದಿಲ್ಲ. ಚಳಿಗಾಲದ ಒಂದು ರಾತ್ರಿ ಸಂತೆ ಬೀದಿಯಲ್ಲಿ ಕೂಸೊಂದು ಅಳುತ್ತ ಬಿದ್ದಿದ್ದರೆ, ಕಂಡವನು ಅದನ್ನು ಅಲ್ಲೇ ಬಿಟ್ಟು ನಡೆಯುತ್ತಾನೆ. ಆ ಕೂಸೇ ಮುಂದೆ ಹ್ಯಾಗರ್ಡ್ ಸಾಕಿಕೊಂಡ ಲೀರ್. ಈ ಎಳೆ ಇದ್ದಾಗ ಹ್ಯಾಗರ್ಡ್ ಒಬ್ಬನೇ ಪಾಪಿಯಾಗಿ ಉಳಿಯುವುದಿಲ್ಲ. ಅವನ ದುರಾಸೆಯ ನೆರಳಿನಲ್ಲಿ ಹಾಯಾಗಿ ಉಂಡವರೂ ಪಾಲುದಾರರಾಗುತ್ತಾರೆ. ಎಳೆ ಕಿತ್ತ ಮೇಲೆ ಲೀರ್ ಬರೀ ಒಬ್ಬ ಒಳ್ಳೆಯ ರಾಜಕುಮಾರ. ಮಾಂತ್ರಿಕನಿಗೂ ಇದೇ ಗತಿ. ನಿಜವಾದ ವಿದ್ಯೆ ಒಲಿಯುವವರೆಗೂ ಮುಪ್ಪಾಗಬಾರದು ಎಂದು ಗುರು ಹಾಕಿದ ಕಟ್ಟಿನ ಭಾರ ಪುಸ್ತಕದ ಶ್ಮೆಂಡ್ರಿಕ್‌ನ ಮೇಲಿದೆ. ಯೂನಿಕಾರ್ನ್ ಸಾವಿಗೆ ಅಂಜುವಾಗ ಅವನು ಸಾವಿಗಾಗಿ ಹಂಬಲಿಸುತ್ತಾನೆ. ತೆರೆಯ ಮೇಲೆ ಅವನು ಹೆಚ್ಚಾಗಿ ನಗಿಸುತ್ತಾನೆ, ಅಷ್ಟೇ.

ಕಾಮಿಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೀಟರ್ ಬಿ. ಗಿಲ್ಲಿಸ್ ಅವರ ರೂಪಾಂತರಕ್ಕೆ ರೆನೆ ಡಿ ಲಿಜ್ ಚಿತ್ರ ಬರೆದಿದ್ದಾರೆ, ರೇ ಡಿಲನ್ ಬಣ್ಣ ತುಂಬಿದ್ದಾರೆ. ಕಾಡು, ಕಡಲು, ಗೂಳಿಯ ಬೆಂಕಿಗೆಂಪು ಎಲ್ಲವೂ ಕಣ್ಣಿಗೆ ಹಬ್ಬ. ಆದರೆ ಹರಕು ಹಾಡು, ಅರ್ಧ ಕವಿತೆಗಳನ್ನೇ ಮಾತಾಗಿ ಉದುರಿಸುವ ಚಿಟ್ಟೆಯಂಥ ಪಾತ್ರ ಮಾತಿನ ಓಟದಲ್ಲಿ ಬದುಕುವಂಥದ್ದು. ಚೌಕಟ್ಟುಗಳೊಳಗೆ ಅದಕ್ಕೆ ಉಸಿರು ಕಟ್ಟುತ್ತದೆ. ಪುಸ್ತಕವನ್ನು ಈಗಾಗಲೇ ಪ್ರೀತಿಸುವವರು ಕೊಳ್ಳಲಿ. ಹೊಸಬರಿಗೆ ಇದು ಬಾಗಿಲಾಗಲಾರದು.

ಇಂಗ್ಲಿಷ್ ಕಾದಂಬರಿಯ ಅಭ್ಯಾಸ ಕಡಿಮೆ ಇರುವವರು ಚಿಟ್ಟೆಯ ಪುಟಗಳಲ್ಲಿ ತಡವರಿಸಬಹುದು. ಪ್ರತಿ ಉಲ್ಲೇಖವನ್ನೂ ಬೆನ್ನಟ್ಟದೆ ದಾಟಿಕೊಂಡು ಹೋಗಿ. ಚಿಟ್ಟೆ ಕೊಡುವ ಸುಳಿವು ಕೆಂಪು ಗೂಳಿಯದೊಂದೇ. ಮಕ್ಕಳಿಗಾದರೆ ಸಿನಿಮಾವೇ ಸರಿ. ಆದರೆ ಮಾಟಗಾತಿಯ ಬೋನು ಮುರಿದು ಹೊರಬರುವ ಹಾರ್ಪಿ ಎಂಬ ರಕ್ಕಸ ಹಕ್ಕಿ ಭಯಂಕರವಾಗಿದೆ. ಅಕ್ಕನ ಮಗಳು ಆ ದೃಶ್ಯ ಮುಗಿಯುವವರೆಗೂ ನನ್ನ ತೋಳು ಬಿಡಲಿಲ್ಲ. ಏಳೆಂಟು ವರ್ಷದ ಕೆಳಗಿನವರಿಗೆ ಬೇಡ, ಮೇಲಿನವರ ಜೊತೆ ದೊಡ್ಡವರು ಕೂರಲಿ. ಕಾದಂಬರಿ ಮುಗಿಸಿದವರಿಗೆ ಬೀಗಲ್ 2005ರಲ್ಲಿ ಬರೆದ ‘ಟೂ ಹಾರ್ಟ್ಸ್’ ಎಂಬ ನೀಳ್ಗತೆ ಇದೆ. ಮುದುಕನಾದ ಲೀರ್ ಮತ್ತೆ ಬರುವ ಆ ಕಥೆಗೆ ವೈಜ್ಞಾನಿಕ ಮತ್ತು ಅದ್ಭುತ ಕಥೆಗಳಿಗೆ ಕೊಡುವ ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿಗಳು ಸಂದವು. ಸಿನಿಮಾ ಮಾತ್ರ ನೋಡಿ ನೇರವಾಗಿ ಅದಕ್ಕೆ ಹೋಗಬೇಡಿ, ನಡುವೆ ಕಾದಂಬರಿಯನ್ನು ಓದಿಯೇ ಹೋಗಿ.