ಮದ್ದು ಬಿಡಲು ಹಳೆ ಪಾಯಿಂಟಿನ ಇಂಜಿನ್ನೋ, ಹೊಸ ಕಾಯಿಲಿನದ್ದೋ?

ಮೊದಲೇ ಹೇಳಿಬಿಡುತ್ತೇನೆ, ಅಡಿಕೆಗೆ ಮದ್ದು ಬಿಡುವ ಪಂಪ್ ಓಡಿಸಲು ನನ್ನ ಓಟು ಹಳೆ ಇಂಜಿನ್‌ಗೆ. ಹತ್ತಿರ ಹತ್ತಿರ 20 ಸಾವಿರ ಕೊಟ್ಟು ಹೊಸದು ತಂದ ಮೇಲೂ ಹೀಗೆ ಹೇಳುತ್ತೇನಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ನಗು.

ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡೆಯ ಬುಡದಲ್ಲಿ ಒಂದೂವರೆ ಎಕರೆ ಅಡಿಕೆ ತೋಟ. ಕೊಳೆರೋಗಕ್ಕೆ ವರ್ಷಕ್ಕೆ ಎರಡು ಸಲ ಮದ್ದು ಬಿಡಬೇಕು. ಮಳೆ ಹಿಡಿಯುವ ಮೊದಲು ಒಂದು, ಅದಾಗಿ 40–45 ದಿನಕ್ಕೆ ಇನ್ನೊಂದು. ಎರಡನೆಯದಕ್ಕೆ ಆಟಿಯ (ಜುಲೈ–ಆಗಸ್ಟ್) ಮಳೆಯ ನಡುವೆ ಒಂದು ಹೊಳವು ಸಿಗಬೇಕು. ಮರ ಹತ್ತುವವರು ಸಿಗಬೇಕು. 200 ಲೀಟರ್ ಬ್ಯಾರೆಲ್ಲಿಗೆ ಎರಡು ಕೆಜಿ ಮೈಲುತುತ್ತು, ಎರಡು ಕೆಜಿ ಸುಣ್ಣ ಹಾಕಿ ಕಲಸಿದ್ದು ಅವತ್ತೇ ಮುಗಿಯಬೇಕು, ನಾಳೆಗಿಟ್ಟರೆ ಪ್ರಯೋಜನ ಇಲ್ಲ. ಇಷ್ಟೆಲ್ಲ ಕೂಡಿ ಬಂದ ದಿನ ಇಂಜಿನ್ ಹಟ ಹಿಡಿದರೆ ಹೇಗಿರುತ್ತದೆ, ತೋಟ ಇದ್ದವರಿಗೇ ಗೊತ್ತು. ಹಾಗಾಗಿ ನಾನು ನೋಡುವುದು ಒಂದೇ: ನಿಂತರೆ ತೋಟದಲ್ಲೇ ಎಬ್ಬಿಸಲು ಆಗುತ್ತದಾ?

ಹಳೆಯದು ಅಪ್ಪ ತಂದದ್ದು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಜಾತಿಯದ್ದು. ಈಗ ಸೀಮೆಎಣ್ಣೆ ಸಿಗುವುದೇ ಕಷ್ಟ, ಪೂರ್ತಿ ಪೆಟ್ರೋಲಿನಲ್ಲೇ ಓಡಿಸುತ್ತೇನೆ. ಇದರ ಕಿಡಿ ಹುಟ್ಟುವುದು ಫ್ಲೈವೀಲಿನ (ಇಂಜಿನ್ ಜೊತೆ ತಿರುಗುವ ಭಾರದ ಚಕ್ರ) ಒಳಗಿರುವ ಪಾಯಿಂಟಿನಿಂದ, ಅಂದರೆ ತೆರೆದು ಮುಚ್ಚುವ ಒಂದು ಸಣ್ಣ ಸ್ವಿಚ್ಚಿನಿಂದ. ನಮ್ಮ ಕಡೆ ಮೆಕ್ಯಾನಿಕ್‌ಗಳು ಅದಕ್ಕೆ ಪ್ಲಾಟಿನಂ ಅನ್ನುತ್ತಾರೆ. ಹೆಸರು ಮಾತ್ರ ದೊಡ್ಡದು, ತುದಿಯಲ್ಲಿರುವುದು ಟಂಗ್‌ಸ್ಟನ್. ಆಗಸ್ಟಿನಲ್ಲಿ ಕೊಟ್ಟಿಗೆಯ ಮೂಲೆಗೆ ಸೇರಿದ ಇಂಜಿನನ್ನು ಮೇ ತಿಂಗಳಲ್ಲಿ ಹೊರಗೆ ತೆಗೆದರೆ ಕಿಡಿ ಇರುವುದಿಲ್ಲ. ತೇವಕ್ಕೆ ಪಾಯಿಂಟಿನ ಮೇಲೆ ತೆಳ್ಳಗೆ ಬೂದಿ ಬಣ್ಣದ ಪೊರೆ ಕಟ್ಟಿರುತ್ತದೆ. ನಯವಾದ ಎಮರಿ ಕಾಗದದಲ್ಲಿ ನಾಲ್ಕು ಸಲ ಎಳೆದು, ಬಟ್ಟೆಯಲ್ಲಿ ಒರೆಸಿ, ಗ್ಯಾಪ್ 0.4 ಮಿಲಿಮೀಟರ್ ಹತ್ತಿರ ಇಟ್ಟರೆ ಆಯಿತು. ಅರ್ಧ ಗಂಟೆಯ ಕೆಲಸ, ಅದರಲ್ಲಿ ಇಪ್ಪತ್ತು ನಿಮಿಷ ಫ್ಲೈವೀಲ್ ಬಿಚ್ಚುವುದಕ್ಕೆ.

ಹಾಗಾದರೆ ಹೊಸದು ಯಾಕೆ ತಂದೆ? ಸಿಟ್ಟಿನಲ್ಲಿ. ಎರಡು ವರ್ಷದ ಹಿಂದೆ ಎರಡನೇ ಮದ್ದಿನ ದಿನ ಹಳೆಯದು ಇಪ್ಪತ್ತು ನಿಮಿಷ ಓಡುವುದು, ನಿಲ್ಲುವುದು, ತಣಿದ ಮೇಲೆ ಏನೂ ಆಗದವರ ಹಾಗೆ ಮತ್ತೆ ಓಡುವುದು. ಪಾಯಿಂಟಿನ ಬಾಯಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಬಿಸಿಯಾದಾಗ ಕೈಕೊಡುತ್ತಿತ್ತು. ಪಾಯಿಂಟಿನ ಬಾಯಲ್ಲಿ ನೀಲಿ ಕಿಡಿ ಹಾರಿ ಕರಿಯಾಗಿತ್ತು, ಅಲ್ಲಿಗೇ ಗೊತ್ತಾಗಬೇಕಿತ್ತು ನನಗೆ. ಬದಲಿಗೆ ಮರುವಾರವೇ ಪೇಟೆಗೆ ಹೋಗಿ ಹೊಸ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಇಂಜಿನ್ ಹೊತ್ತು ತಂದೆ. ಪಾಯಿಂಟೂ ಇಲ್ಲ, ಬೇರೆ ಕಂಡೆನ್ಸರೂ ಇಲ್ಲ. ಫ್ಲೈವೀಲಿನ ಆಯಸ್ಕಾಂತ, ಹೊರಗೆ ಕಿಡಿಗೆ ಬೇಕಾದ ಕರೆಂಟ್ ಹುಟ್ಟಿಸುವ ಒಂದು ಕಾಯಿಲ್, ಅಷ್ಟೇ. ಒಂದೇ ಎಳೆತಕ್ಕೆ ಸ್ಟಾರ್ಟ್. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಮುಂದಿನ ಮೇ ತಿಂಗಳಲ್ಲಿ ಅದನ್ನು ತೋಟಕ್ಕೆ ಒಯ್ದೆ. ಹಗುರ ಇದೆಯಲ್ಲ ಅಂತ ಕಣಿಯ (ನೀರು ಹರಿಯುವ ಕಾಲುವೆಯ) ಬದಿಯಲ್ಲಿ, ಮೇಲಿನ ಮರಗಳ ಹತ್ತಿರವೇ ಇಟ್ಟೆ. ಎಳೆದೆ. ಇಲ್ಲ. ಮತ್ತೆ ಎಳೆದೆ. ಪ್ಲಗ್ ಬಿಚ್ಚಿ, ಕ್ಯಾಪ್ ಸಿಕ್ಕಿಸಿ, ಹೆಡ್ಡಿಗೆ ತಾಗಿಸಿ ಎಳೆದು ನೋಡಿದರೆ ಕಿಡಿಯ ಸುಳಿವೇ ಇಲ್ಲ. ತೇವ ಇರಬೇಕು ಅಂತ ಅಂಗಳಕ್ಕೆ ತಂದು ಒಣಬಟ್ಟೆಯಲ್ಲಿ ಒರೆಸಿ ಎಳೆದೆ. ಚಟ್ ಅಂತ ನೀಲಿ ಕಿಡಿ! ಖುಷಿಯಲ್ಲಿ ತೋಟಕ್ಕೆ ಒಯ್ದರೆ ಮತ್ತೆ ಸತ್ತಿತು.

ಹೊಸ ಪ್ಲಗ್ ಹಾಕಿದೆ. ಅದೇ ಕಥೆ. ಪೇಟೆಗೆ ಒಯ್ದೆ. ಮೆಕ್ಯಾನಿಕ್ ಸಿಮೆಂಟ್ ನೆಲದ ಮೇಲಿಟ್ಟು ಎಳೆದ, ಒಂದೇ ಎಳೆತ, ಓಡಿತು. ನನ್ನ ಮುಖ ನೋಡಿ ನಕ್ಕ. ನಾನು ಬಿಡಲಿಲ್ಲ, ಇಲ್ಲ ಮಾರಾಯಾ, ತೋಟದಲ್ಲಿ ಕಿಡಿಯೇ ಬರುವುದಿಲ್ಲ ಅಂದೆ. ಹಾಗಾದರೆ ಕಾಯಿಲ್ ಬದಲಿಸಿ ನೋಡುವ ಅಂದ. ಬದಲಿಸಿದ, ದುಡ್ಡು ಎಣಿಸಿ ಕೊಟ್ಟೆ. ಮನೆಗೆ ಬಂದು ಕಣಿಯ ಬದಿಯಲ್ಲಿಟ್ಟು ಎಳೆದೆ. ಇಲ್ಲ.

ಮದ್ದು ಬಿಡುವವನು ಆಚೆ ಕೂತು ಎಲೆ ಹಾಕುತ್ತಾ ಇದನ್ನೆಲ್ಲ ನೋಡುತ್ತಿದ್ದ. "ಅಣ್ಣಾ, ಅದು ವಾಲಿ ಕೂತಿದೆ, ಮಗುಚೀತು" ಅಂತ ಎದ್ದು ಬಂದು ಕೆಳಬದಿಗೆ ಒಂದು ಅಡಿಕೆ ಮರದ ತುಂಡು ಕೊಟ್ಟ. ನಾನು ಸುಮ್ನೆ ಹಗ್ಗ ಎಳೆದೆ. ಓಡಿತು.

ಸಂಗತಿ ಏನೆಂದರೆ, ಇಂತಹ ಇಂಜಿನ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ಕಿಡಿ ತಡೆಯುವ ಒಂದು ಸೆನ್ಸರ್ ಇರುತ್ತದೆ. ಒಳಗಿರುವುದೇ ಅರ್ಧ ಲೀಟರ್ ಚಿಲ್ಲರೆ ಆಯಿಲ್. ಇಂಜಿನ್ ಓರೆಯಾದರೆ ಅದೆಲ್ಲ ಒಂದು ಬದಿಗೆ ಹರಿಯುತ್ತದೆ, ಸೆನ್ಸರ್ ಆಯಿಲ್ ಖಾಲಿ ಅಂದುಕೊಂಡು ಕಾಯಿಲಿನ ವೈರನ್ನು ಅರ್ಥ್ ಮಾಡುತ್ತದೆ. ಕಿಡಿ ಬಂದ್. ಸೆನ್ಸರಿನ ಮೇಲೆ ಸಂಶಯ ಬಂದರೆ ಅದರ ವೈರ್ ಕಳಚಿ ಎಳೆದು ನೋಡಬೇಕು. ಆಗ ಕಿಡಿ ಬಂದರೆ ಕಾಯಿಲ್ ಸರಿ ಇದೆ. ಆದರೆ ಕಳಚಿಯೇ ಓಡಿಸಬೇಡಿ. ಆಯಿಲ್ ಮುಟ್ಟದೆ ಓಡಿದರೆ ಕನೆಕ್ಟಿಂಗ್ ರಾಡ್ ಹೋಗುತ್ತದೆ, ಆಮೇಲೆ ಕಾಯಿಲಿನ ದುಡ್ಡು ಏನೂ ಅಲ್ಲ ಅನಿಸುತ್ತದೆ.

ಹಳೆಯದಕ್ಕೆ ಈ ತೊಂದರೆ ಯಾಕೆ ಬರಲಿಲ್ಲ? ಅದರಲ್ಲಿ ಸೆನ್ಸರ್ ಇಲ್ಲ, ಅದೊಂದು. ಇನ್ನೊಂದು, ಅದನ್ನು ಇಬ್ಬರು ಎತ್ತಬೇಕು, ಹಾಗಾಗಿ ಎಲ್ಲೂ ಹೊರುವುದಿಲ್ಲ. ಅಪ್ಪ ಮುರಕಲ್ಲಿನಲ್ಲಿ ಮಟ್ಟ ನೋಡಿ ಕಟ್ಟೆ ಕಟ್ಟಿಸಿದ್ದರು, ಅದರ ಮೇಲೆಯೇ ಕೂತು ಉದ್ದದ ಪೈಪಿನಲ್ಲಿ ಮದ್ದು ಕಳಿಸುತ್ತದೆ. ಹೊಸದು ಹಗುರ ಅಂತ ಮೆಚ್ಚಿದೆನಲ್ಲ, ಆ ಹಗುರವೇ ನನ್ನನ್ನು ಓರೆ ಜಾಗಕ್ಕೆ ಎಳೆದುಕೊಂಡು ಹೋದದ್ದು.

ಉಳಿದದ್ದು ಬೇಗ ಹೇಳುತ್ತೇನೆ. ಶಬ್ದ ಹೊಸದರಲ್ಲಿ ಕಡಿಮೆ. ಪೆಟ್ರೋಲು ಕೂಡ ಹೊಸದೇ ಕಡಿಮೆ ಕುಡಿಯುತ್ತದೆ, ಇದರಲ್ಲಿ ತಕರಾರಿಲ್ಲ. ಹಗ್ಗ ಎಳೆಯುವಾಗ ಹಳೆಯದು ಒಮ್ಮೊಮ್ಮೆ ತಿರುಗಿ ಒದೆಯುತ್ತದೆ, ಹೆಬ್ಬೆರಳು ಜಾಗ್ರತೆ. ಕರೆಂಟಿನ ಮೋಟರ್ ಯಾಕಿಲ್ಲ ಅಂತ ಕೇಳುವವರು ಆಟಿಯಲ್ಲಿ ಒಂದು ವಾರ ನಮ್ಮ ಮನೆಯಲ್ಲಿ ಇದ್ದು ನೋಡಲಿ.

ಪ್ಲಗ್ ಬಿಚ್ಚಲೂ ಪೇಟೆಯಿಂದ ಜನ ಕರೆಸುವವರಾದರೆ ಕಣ್ಣು ಮುಚ್ಚಿ ಹೊಸದು ಕೊಳ್ಳಿ, ಮಟ್ಟದ ಜಾಗದಲ್ಲಿಡಿ. ವರ್ಷಗಟ್ಟಲೆ ಮುಟ್ಟುವ ಕೆಲಸ ಇರಲಿಕ್ಕಿಲ್ಲ. ನನ್ನ ಸಮಸ್ಯೆ ಬೇರೆ. ಕಾಯಿಲ್ ಅಂದರೆ ಕರಿ ಅಂಟಿನಲ್ಲಿ ಮುಚ್ಚಿದ ಒಂದು ಗಟ್ಟಿ. ಕೆಟ್ಟಿದೆಯಾ ಇಲ್ಲವಾ ಅಂತ ನೋಡಿದರೆ ತಿಳಿಯುವುದಿಲ್ಲ, ಹೊಸದು ಹಾಕಿಯೇ ನೋಡಬೇಕು. ಪಾಯಿಂಟ್ ಆದರೆ ಕಣ್ಣಿಗೆ ಕಾಣುತ್ತದೆ. ತೆರೆಯುವುದು, ಮುಚ್ಚುವುದು, ಕರಿಯಾದದ್ದು, ಎಲ್ಲ. ಒಂದು ಸೆಟ್ ಪಾಯಿಂಟ್ ಮತ್ತು ಕಂಡೆನ್ಸರ್ ಕೆಲವು ನೂರು ರೂಪಾಯಿಗೆ ಬರುತ್ತದೆ, ಈಗ ಎರಡು ಸೆಟ್ ಡಬ್ಬಿಯಲ್ಲಿ ಅಕ್ಕಿಯ ನಡುವೆ ಹೂತಿಟ್ಟಿದ್ದೇನೆ, ತೇವ ತಾಗದಿರಲಿ ಅಂತ. ವರ್ಷಕ್ಕೆ ನಾಲ್ಕೈದು ದಿನದ ಕೆಲಸಕ್ಕೆ ನನಗೆ ಅದು ಸಾಕು.

ಹೊಸದು ಈಗ ಬಾವನ ಮನೆಯಲ್ಲಿದೆ. ಅವರದು ಬಯಲು ತೋಟ, ಚೆನ್ನಾಗಿ ಓಡುತ್ತಿದೆಯಂತೆ. ಕಾಯಿಲಿನ ದುಡ್ಡು ಮಾತ್ರ ಅವರಿಂದ ಕೇಳಲು ಬಾಯಿ ಬರುತ್ತಿಲ್ಲ.